ಏಕಾದಶಿಯ ದಿನದ ಸೂಜಿಗಳು

ನನ್ನ ಕುತ್ತಿಗೆ ಎಡಕ್ಕೆ ಮಾತ್ರ ತಿರುಗುತ್ತದೆ ಎಂಬುದು ನನಗೆ ಗೊತ್ತಾದದ್ದು ಸೇಡಂ ನಿಲ್ದಾಣದಲ್ಲಿ. ಬಲಗಡೆಯಿಂದ ಯಾರೋ ಕರೆದರು. ತಿರುಗಲು ಹೋದೆ, ತಲೆ ಬರಲಿಲ್ಲ; ಮೈಯೆಲ್ಲ ತಿರುಗಿಸಿ ನೋಡಬೇಕಾಯಿತು. ಕರೆದವರು ದಿನಾ ನನ್ನ ಜೊತೆ ರೈಲಿನಲ್ಲಿ ಬರುವ ಟೀಚರ್‌ಬಾಯಿ. ವಾಡಿಯ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಾರೆ. ನಾನು ಚಿತ್ತಾಪುರದಲ್ಲಿ ಇಳಿದ ಮೇಲೆ ಅವರು ಮುಂದಕ್ಕೆ ಹೋಗುತ್ತಾರೆ. “ಏನ್ರಿ, ಹಿಂಗ್ಯಾಕ ಗೊಂಬಿ ತಿರುಗಿದಂಗ ತಿರುಗಲಿಕತ್ತೀರಿ?” ಎಂದರು. “ವಯಸ್ಸಾತ್ರಿ” ಎಂದು ಮಾತು ಮುಗಿಸಿದೆ. ಐವತ್ತೊಂದು ಅಂಥ ದೊಡ್ಡ ವಯಸ್ಸೇನಲ್ಲ, ಆದರೆ ಬೆಳಗಿನ ಹೊತ್ತು ವಾದ ಮಾಡುವ ಉಮೇದಿರಲಿಲ್ಲ.

ಚಿತ್ತಾಪುರದ ಒಂದು ಕಚೇರಿಯಲ್ಲಿ ನಾನು ಗುಮಾಸ್ತೆ. ಹಳೆಯ ಕೈಬರಹದ ದಾಖಲೆಗಳನ್ನು ಓದಿ ಕಂಪ್ಯೂಟರಿಗೆ ಏರಿಸುವುದು ನನ್ನ ಕೆಲಸ. ಬೆಳಿಗ್ಗೆ ಕೂತರೆ ಮಧ್ಯಾಹ್ನದ ಡಬ್ಬಿ ತೆರೆಯಲು ಏಳುತ್ತೇನೆ, ಮತ್ತೆ ಕೂತರೆ ಸಂಜೆಯ ರೈಲಿಗೆ ಏಳುತ್ತೇನೆ. ನಡುವೆ ಜನ ಬರುತ್ತಾರೆ, ಹೆಸರು ತಪ್ಪಾಗಿದೆ ಎನ್ನುತ್ತಾರೆ, ನಾನು ರೇಗುತ್ತೇನೆ, ಅವರೂ ರೇಗುತ್ತಾರೆ, ಆಮೇಲೆ ಇಬ್ಬರೂ ಕೂತು ತಪ್ಪು ಹುಡುಕುತ್ತೇವೆ. ನನ್ನ ಬಾಯಿ ಜೋರು. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಚಿತ್ತಾಪುರದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ.

ಕುತ್ತಿಗೆಯ ನೋವು ಹೆಗಲಿಗಿಳಿಯಿತು, ಹೆಗಲಿನದು ಬೆನ್ನಿಗಿಳಿಯಿತು. ಮನೆಯಲ್ಲಿ ಅತ್ತೆ ಅಜವಾನ ಹಾಕಿ ಎಳ್ಳೆಣ್ಣೆ ಕಾಯಿಸಿಕೊಟ್ಟರು. ಎಣ್ಣೆಯ ವಾಸನೆಗೆ ರೈಲಿನಲ್ಲಿ ಪಕ್ಕದವರು ಸರಿದು ಕೂರತೊಡಗಿದರೇ ಹೊರತು ನೋವು ಸರಿಯಲಿಲ್ಲ. ಕೊನೆಗೆ ಕೈ ಹಿಂದಕ್ಕೆ ಹೋಗದಾಗಿ ಜಡೆ ಹೆಣೆದುಕೊಳ್ಳುವುದೂ ಆಗದಾಯಿತು. “ನಾ ಮಡಿ ಉಡೂಕ್ಕಿಂತ ಮೊದಲೇ ಬಂದು ಕೂಡು” ಎಂದು ಹೇಳಿ, ಎಪ್ಪತ್ತೆಂಟರ ಅತ್ತೆ ಐವತ್ತೊಂದರ ಸೊಸೆಗೆ ದಿನಾ ಬೆಳಿಗ್ಗೆ ಜಡೆ ಹಾಕಿದರು. ಬಿಗಿಯಾಗಿ ಹಾಕುತ್ತಿದ್ದರು, ಕಣ್ಣಲ್ಲಿ ನೀರು ಬರುವಷ್ಟು. ನನಗೆ ಅದು ಇಷ್ಟವಾಗುತ್ತಿತ್ತು. ನನ್ನ ತಾಯಿ ಹೋದ ಮೇಲೆ ನನ್ನ ತಲೆಗೆ ಯಾರೂ ಕೈ ಹಾಕಿರಲಿಲ್ಲ.

ಸೂಜಿಯ ಮಾತು ಎತ್ತಿದವರು ಹೆಸರು ತಿದ್ದಿಸಲು ಬಂದಿದ್ದ ಶಹಾಬಾದಿನ ಕಲ್ಲಿನ ವ್ಯಾಪಾರಿ. ನಾನು ಹೆಗಲು ಹಿಡಿದುಕೊಂಡೇ ಅವರ ಮೇಲೆ ರೇಗಿದ್ದೆ. ಅವರು ನಕ್ಕುಬಿಟ್ಟರು. “ಮೇಡಂ, ನಿಮ್ಮ ಸಿಟ್ಟೆಲ್ಲಾ ಕುತ್ತಿಗಿಯಾಗ ಹೋಗಿ ಕುಂತದ. ನಮ್ಮೂರಾಗ ಒಬ್ಬಾಕಿ ಸೂಜಿ ಡಾಕ್ಟರ್ ಅದಾಳ. ನನ್ನ ಸೊಂಟ ಆಕಿನೇ ಸರಿ ಮಾಡ್ಯಾಳ. ಹೋಗಿ ಬರ್ರಿ” ಎಂದರು.

ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಪ್ರಕೃತಿ ಚಿಕಿತ್ಸೆ ಓದಿ, ಆಕ್ಯುಪಂಕ್ಚರ್ ಕಲಿತು, ಹೈದರಾಬಾದಿನ ಆಸ್ಪತ್ರೆಯೊಂದರಲ್ಲಿ ಕೆಲವು ವರ್ಷ ಇದ್ದು ಊರಿಗೆ ಮರಳಿದ್ದಳು. ಯಾರದೋ ಕೈಕೆಳಗೆ ಅಲ್ಲ, ತನ್ನದೇ ಒಂದು ಕೋಣೆ ಇರಬೇಕು ಎಂಬುದು ಅವಳ ಹಟ. ಅವಳ ತಾಯಿ ಮನೆಯ ಮುಂದಿನ ದಿವಾಣಖಾನೆಯನ್ನು ಬಿಟ್ಟುಕೊಟ್ಟಿದ್ದರು. “ಒಂದು ವರ್ಷ ನೋಡು. ಜನ ಬಂದರೆ ಸರಿ, ಬರದಿದ್ದರೆ ವಾಪಸ್ ಬಾ” ಎಂದು ಹೈದರಾಬಾದಿನ ಅಣ್ಣ ಹೇಳಿದ್ದನಂತೆ. ಇದನ್ನೆಲ್ಲ ಮೊದಲ ಭೇಟಿಯಲ್ಲೇ ನಾನು ಕೇಳಿ ತಿಳಿದುಕೊಂಡೆ. ಬೇರೆಯವರ ವಿಷಯ ಕೇಳುವುದರಲ್ಲಿ ನನಗೆ ಸಂಕೋಚ ಕಡಿಮೆ.

ಕೋಣೆಯ ತುಂಬ ಕಲ್ಲು ಗಣಿಯ ಹೆಣ್ಣುಮಕ್ಕಳು, ಪಾಲಿಶ್ ಕೆಲಸದ ಗಂಡಸರು. ಚಿಂಚೋಳಿ ಕಡೆಯಿಂದ ಬಸ್ಸು ಬದಲಿಸಿ ಬಂದ ಮುದುಕಿಯೊಬ್ಬರೂ ಇದ್ದರು. ಕಲ್ಲು ಹೊತ್ತವರ ನಡುವೆ ಖುರ್ಚಿಯಲ್ಲಿ ಕೂತು ನೋವು ತಂದುಕೊಂಡವಳು ನಾನೊಬ್ಬಳೇ. ಪಕ್ಕದಲ್ಲಿದ್ದ ಹೆಂಗಸು “ನಿಮಗೇನು ಕೆಲಸ್ರಿ?” ಎಂದು ಕೇಳಿದಾಗ “ಬರೆಯೋದು” ಎಂದೆ. ಆಕೆ ಪಾಪ, “ಅದೂ ತ್ರಾಸೇ ಬಿಡ್ರಿ” ಎಂದು ಸಮಾಧಾನ ಹೇಳಿದಳು.

ಡಾಕ್ಟರ್ ನನ್ನ ಕುತ್ತಿಗೆ ಮುಟ್ಟುವ ಮೊದಲು ಒಂದು ಖುರ್ಚಿ ಎಳೆದಳು. “ಅಕ್ಕಾರೆ, ಕಚೇರ್ಯಾಗ ಹ್ಯಾಂಗ ಕೂಡ್ತೀರಿ, ಹಂಗೇ ಕೂತು ತೋರಸ್ರಿ.” ಕೂತೆ. ಕಡತ ಎಲ್ಲಿಡುತ್ತೀರಿ ಎಂದಳು. ಟೇಬಲ್ಲಿನ ಮೇಲೆ ಜಾಗ ಇರುವುದಿಲ್ಲ, ಎಡತೊಡೆಯ ಮೇಲೆ ಇಟ್ಟುಕೊಳ್ಳುತ್ತೇನೆ ಎಂದು ಒಂದು ಹಳೆಯ ಪತ್ರಿಕೆಯನ್ನು ತೊಡೆಯ ಮೇಲಿಟ್ಟು ತೋರಿಸಿದೆ. ಫೋನು? ಬಲ ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿ ತೋರಿಸಿದೆ. ಅವಳು ನನ್ನ ಸುತ್ತ ಒಂದು ಸುತ್ತು ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು. “ಎಷ್ಟು ವರ್ಷದಿಂದ?” “ಹನ್ನೊಂದು.” “ಹನ್ನೊಂದು ವರ್ಷ ಕುತ್ತಿಗಿ ಸುಮ್ಮನಿತ್ತಲ್ರಿ, ಅದಕ್ಕ ನೀವು ಶರಣು ಮಾಡಬೇಕು” ಎಂದಳು. ಆ ಮಾತಿಗೆ ಕೋಣೆಯೆಲ್ಲ ನಕ್ಕಿತು, ನಾನೂ ನಕ್ಕೆ. ಅವಳ ಮೇಲೆ ನನಗೆ ಅಕ್ಕರೆ ಹುಟ್ಟಿದ್ದು ಅವತ್ತೇ.

ಮಂಚದ ತಲೆಯ ಕಡೆ ಮುಖ ಇಡಲು ಒಂದು ತೂತು ಇತ್ತು. ಮುಖ ಕೆಳಗಾಗಿ ಮಲಗಿದರೆ ನೆಲದ ಫರ್ಸಿಕಲ್ಲು ಮಾತ್ರ ಕಾಣುತ್ತದೆ. ಕೂದಲೆಳೆಯಷ್ಟು ಸಣ್ಣ ಸೂಜಿಗಳು. ಚುಚ್ಚಿದ್ದು ಗೊತ್ತಾಗುವುದಿಲ್ಲ, ಆಮೇಲೆ ಒಳಗೆಲ್ಲೋ ಒಂದು ಭಾರ ಬರುತ್ತದೆ, ಅದು ನಿಧಾನಕ್ಕೆ ಬಿಸಿಯಾಗುತ್ತದೆ. ಕುತ್ತಿಗೆ ಹೆಗಲಿಗೆ ಸೇರುವ ಕಡೆ ಹಾಕಿದಾಗ ಮಾತ್ರ ಕಾಲ್ಬೆರಳು ತಾವಾಗಿ ಮಡಚಿಕೊಂಡವು. ಅವಳು ಹಾಕುವ ಮುಂಚೆ ಎಲ್ಲರಿಗೂ ಒಂದೇ ಪ್ರಶ್ನೆ ಕೇಳುತ್ತಿದ್ದಳು: “ಉಂಡೀರೇನ್ರಿ?” ನಾನು ಉಂಡು ಹೋಗಿದ್ದೆ, ಹಾಗೆಂದೆ. “ಹಸಿದವರಿಗೆ ನಾ ಸೂಜಿ ಹಾಕಂಗಿಲ್ಲ. ರಂಜಾನಿನಾಗ ರೋಜಾ ಉಪವಾಸ ಇದ್ದಾಗ ನಮ್ಮ ಅಮ್ಮಿಗೆ ಮೊಣಕಾಲು ಭಾಳ ಹಿಡಕೊಂಡಿತ್ತು. ಅಳಲಿಕತ್ತಿದ್ದಳು, ಆದ್ರೂ ಹಾಕಲಿಲ್ಲ” ಎಂದಳು. ಹಸಿದ ಮೈಗೆ ಸೂಜಿ ಬಿದ್ದರೆ ಕಣ್ಣು ಕತ್ತಲೆ ಬರಬಹುದು ಎಂದು ವಿವರಿಸಿ ಹೇಳಿದಳು. ನಾನು ಕೇಳಿಸಿಕೊಂಡೆ.

ಪ್ರತಿ ಭಾನುವಾರ ಮನೆಯ ಅಡುಗೆ ಮುಗಿಸಿ, ಬಡಿಸಿ, ಉಂಡು, ಮಧ್ಯಾಹ್ನದ ರೈಲಿಗೆ ಹೋಗುತ್ತಿದ್ದೆ. ಮಳಖೇಡ ದಾಟುವಾಗ ತೂಕಡಿಕೆ, ವಾಡಿಯಲ್ಲಿ ಎಚ್ಚರ. ಐದನೆಯ ವಾರಕ್ಕೆ ಬಲಕ್ಕೆ ತಿರುಗಿದೆ. ಆರನೆಯ ವಾರ ಜಡೆ ನಾನೇ ಹೆಣೆದುಕೊಂಡೆ. ಅತ್ತೆ ನೋಡಿ, “ಸೊಟ್ಟ ಬಂದದ” ಎಂದು ಬಿಚ್ಚಿ ಮತ್ತೆ ಹಾಕಿದರು. ಟೀಚರ್‌ಬಾಯಿಗೆ ಬೋರ್ಡಿನ ಮೇಲೆ ಬರೆದು ಬರೆದು ಹೆಗಲು ಹಿಡಿದಿತ್ತು. ನಾನೂ ಬರುತ್ತೇನೆ, ಮುಂದಿನ ಭಾನುವಾರ ಕರೆದುಕೊಂಡು ಹೋಗಿ ಎಂದರು.

ಆ ಭಾನುವಾರ ಏಕಾದಶಿ. ನಮ್ಮ ಮನೆಯಲ್ಲಿ ಏಕಾದಶಿ ಎಂದರೆ ನೀರೂ ಮುಟ್ಟುವುದಿಲ್ಲ. ಮದುವೆಯಾದಾಗಿನಿಂದ ನಾನು ತಪ್ಪಿಸಿಲ್ಲ. ಒಲೆ ಹಚ್ಚುವ ಕೆಲಸವಿಲ್ಲ, ಪಾತ್ರೆಯಿಲ್ಲ, ಇಡೀ ಬೆಳಗು ಬಿಡುವು. ಹಾಗಿದ್ದ ಮೇಲೆ ಮಧ್ಯಾಹ್ನದವರೆಗೆ ಯಾಕೆ ಕಾಯಬೇಕು, ಬೆಳಗಿನ ರೈಲಿಗೇ ಹೋಗಿ ಬೇಗ ಬಂದರಾಯಿತು ಎಂದು ಲೆಕ್ಕ ಹಾಕಿದೆ. ಬಿಡುವು ಯಾಕಿದೆ ಎಂಬುದು ಆ ಲೆಕ್ಕದಲ್ಲಿ ಬರಲೇ ಇಲ್ಲ. ಇಂಥ ಜಾಣತನ ಏಕಾದಶಿ ಮಾಡುವವರಿಗೆ ಮಾತ್ರ ಹೊಳೆಯಲು ಸಾಧ್ಯ.

ಟೀಚರ್‌ಬಾಯಿಯ ಜೊತೆ ಹೋದಾಗ ಮಂಚದ ಮೇಲೆ ಗಣಿಯ ಹೆಂಗಸೊಬ್ಬಳು ಮಲಗಿದ್ದಳು. ನನಗೆ ವಾಪಸ್ ರೈಲಿನ ಅವಸರ. “ಖುರ್ಚಿ ಮ್ಯಾಲೇ ಹಾಕಿಬಿಡ್ರಿ ಡಾಕ್ಟರೇ” ಎಂದೆ. ಅವಳು ಒಪ್ಪಲಿಲ್ಲ, ನಾನು ಬಿಡಲಿಲ್ಲ. ಆಗ ಅವಳು ನನ್ನ ಮುಖವನ್ನೇ ನೋಡಿ ಕೇಳಿದಳು: “ಉಂಡೀರೇನ್ರಿ?”

“ಹೂಂ ರೀ, ಉಂಡೇ ಬಂದೀನಿ” ಎಂದೆ.

ಈ ಸುಳ್ಳು ಎಲ್ಲಿಂದ ಬಂತು ಎಂದು ಹೇಳಲೇಬೇಕು. ಚಿಕ್ಕವಳಿದ್ದಾಗ ನನ್ನ ತಾಯಿ ನನ್ನನ್ನು ಹೊರಗೆ ಕಳಿಸುವಾಗ ಹೇಳುತ್ತಿದ್ದ ಮಾತು ಒಂದೇ: ನಮ್ಮವರಲ್ಲದವರ ಮನೆಯಲ್ಲಿ ಯಾರು ಕೇಳಿದರೂ ಉಂಡಿದ್ದೇನೆ ಅನ್ನು. ಇಲ್ಲ ಎಂದರೆ ಅವರು ತಟ್ಟೆ ಇಡುತ್ತಾರೆ, ಇಟ್ಟ ಮೇಲೆ ಬೇಡ ಅಂದರೆ ಅವರಿಗೆ ಬೇಜಾರು, ತಿಂದರೆ ನಮ್ಮ ಮನೆಯಲ್ಲಿ ಬೇಜಾರು. ಹಾಗಾಗಿ ಮೊದಲೇ ಉಂಡಿದ್ದೇನೆ ಎಂದುಬಿಟ್ಟರೆ ಎಲ್ಲರೂ ಕ್ಷೇಮ. ನಲವತ್ತು ವರ್ಷಕ್ಕೂ ಮೇಲ್ಪಟ್ಟು ಆಡಿ ಆಡಿ ಆ ಮಾತಿಗೆ ನನ್ನ ಅಪ್ಪಣೆಯೇ ಬೇಕಿರಲಿಲ್ಲ. ಏಕಾದಶಿ ಎಂದಿದ್ದರೂ ಸಾಕಿತ್ತು, ಆ ಮನೆಯವರು ಒಂದು ಹನಿ ನೀರೂ ಕೊಡುತ್ತಿರಲಿಲ್ಲ, ಸೂಜಿಯನ್ನೂ ಹಾಕುತ್ತಿರಲಿಲ್ಲ. ಅಷ್ಟು ಯೋಚಿಸುವಷ್ಟರಲ್ಲಿ ನಾಲಿಗೆ ತನ್ನ ಕೆಲಸ ಮುಗಿಸಿತ್ತು.

ಖುರ್ಚಿಯಲ್ಲಿ ಕೂತಂತೆಯೇ ನಾಲ್ಕನೆಯ ಸೂಜಿಗೆ ಕಿವಿಯಲ್ಲಿ ಗುಂಯ್ ಎಂದಿತು. ಅಂಗೈ ಬೆವರಿತು. ಗೋಡೆಯ ಬಣ್ಣ ಬಿಳಿಚಿಕೊಳ್ಳುತ್ತ ಹೋಯಿತು. ಆಮೇಲೆ ನನಗೆ ಗೊತ್ತಾದದ್ದು ಬೆನ್ನ ಕೆಳಗಿನ ಕಲ್ಲಿನ ತಂಪು ಮತ್ತು ತುಟಿಯ ಮೇಲಿನ ಸಿಹಿ. ಸೂಜಿ ತೆಗೆದು, ನನ್ನನ್ನು ನೆಲದ ಮೇಲೆ ಮಲಗಿಸಿ, ಕಾಲುಗಳನ್ನು ಸ್ಟೂಲಿನ ಮೇಲೆ ಎತ್ತಿಟ್ಟು ಡಾಕ್ಟರ್ ನಾಡಿ ಹಿಡಿದು ಕೂತಿದ್ದಳು. ನನಗೆ ಎಚ್ಚರ ಬರುತ್ತಿದ್ದಂತೆ ಅವಳ ತಾಯಿ ಚಮಚದಲ್ಲಿ ಸಕ್ಕರೆ ನೀರು ಕೊಡುತ್ತಿದ್ದರು. ಮೊದಲೆರಡು ಚಮಚ ನನ್ನ ಅರಿವಿಲ್ಲದೆ ಇಳಿದವು. ಮೂರನೆಯದಕ್ಕೆ ಇವತ್ತು ಏಕಾದಶಿ ಎಂದು ನೆನಪಾಯಿತು. ನಾಲ್ಕನೆಯದನ್ನು ನಾನು ಗೊತ್ತಿದ್ದೇ ನುಂಗಿದೆ, ಐದನೆಯದನ್ನೂ. ಅಷ್ಟು ರುಚಿಯಾದದ್ದನ್ನು ನಾನು ಅದಕ್ಕೂ ಮೊದಲು ಕುಡಿದಿರಲಿಲ್ಲ.

ಬಾಗಿಲಲ್ಲಿ ಟೀಚರ್‌ಬಾಯಿ ಬಾಯಿಗೆ ಸೆರಗು ಹಿಡಿದು ನಿಂತಿದ್ದರು. ಅವರು ಸೂಜಿ ಹಾಕಿಸಿಕೊಳ್ಳಲಿಲ್ಲ. ನನ್ನನ್ನು ಆಟೋದಲ್ಲಿ ಕೂರಿಸಿಕೊಂಡು ಸ್ಟೇಶನ್ನಿಗೆ ಬಂದರು, ದಾರಿಯುದ್ದಕ್ಕೂ ನನ್ನ ಕೈ ಬಿಡಲಿಲ್ಲ. ಮನೆಯಲ್ಲಿ ನಾನು ಏನನ್ನೂ ಹೇಳಲಿಲ್ಲ. ಮರುದಿನ ದ್ವಾದಶಿ, ನಸುಕಿನಲ್ಲೇ ಅತ್ತೆಯ ಜೊತೆ ಪಾರಣೆಗೆ ಕೂತೆ. “ಉಪವಾಸ ಸಸೂತ್ರ ಆತಲ್ಲ” ಎಂದು ಅತ್ತೆ ಹೇಳಿದರು. ನಾನು ತಲೆ ಆಡಿಸಿದೆ.

ಆ ವಾರ ರೈಲಿನ ಹೆಂಗಸರ ಬೋಗಿಯಲ್ಲಿ ಬೇರೆ ಮಾತೇ ಇರಲಿಲ್ಲ. ಟೀಚರ್‌ಬಾಯಿ ಕಣ್ಣಾರೆ ಕಂಡವರು, ಹೇಳಲು ಕೇಳಬೇಕೇ. “ನನ್ನ ಮುಂದೇ ಕೇಳ್ಯಾಳ, ಇವರು ಉಂಡೇ ಬಂದೀನಿ ಅಂದಾರ. ಉಂಡು ಬಂದಾಕಿನ್ನೇ ಹಂಗ ಕೆಡವ್ಯಾಳಂದ್ರ ಆಕಿ ಕೈ ಇನ್ನೂ ಪಳಗಿಲ್ಲ ಅಂತನೇ ಅರ್ಥ” ಎಂದು ಪ್ರತಿ ನಿಲ್ದಾಣದಲ್ಲಿ ಹತ್ತಿದವರಿಗೆಲ್ಲ ಹೇಳಿದರು. ನನ್ನ ಮೇಲಿನ ಕಾಳಜಿಯಿಂದಲೇ ಹೇಳುತ್ತಿದ್ದರು. ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ. ಜೋರು ಬಾಯಿಯವಳು ನಾನು, ಅಂದು ಬಾಯಿಗೆ ಬೀಗ. ಹೇಳಿದರೆ ಎರಡನ್ನೂ ಹೇಳಬೇಕು: ಏಕಾದಶಿಯ ದಿನ ಡಾಕ್ಟರ್ ಮನೆಯ ನೀರು ಕುಡಿದೆ ಎಂದು, ಅಂಥವರ ಮನೆಯಲ್ಲಿ ತಿನ್ನುವುದು ತಪ್ಪಿಸಿಕೊಳ್ಳಲು ಕಲಿತ ಸುಳ್ಳನ್ನೇ ಹೇಳಿದೆ ಎಂದು. ಮೊದಲನೆಯದು ಅತ್ತೆಯ ಕಿವಿಗೆ ಬೀಳಬಾರದಿತ್ತು. ಎರಡನೆಯದು ನನ್ನ ಕಿವಿಗೇ ಬೀಳಬಾರದಿತ್ತು.

ಶಹಾಬಾದಿಗೆ ಹೋಗುವುದನ್ನೂ ಬಿಟ್ಟೆ. ವಾರಗಳು ಕಳೆದವು, ಕುತ್ತಿಗೆ ಮತ್ತೆ ಬಿಗಿಯಿತು. ಅತ್ತೆ ಮತ್ತೆ ಜಡೆ ಹಾಕತೊಡಗಿದರು.

ಆ ಏಕಾದಶಿಯಿಂದ ಏಳನೆಯ ವಾರವೋ ಏನೋ, ಮಳಖೇಡ ದಾಟಿದ ಮೇಲೆ ಟೀಚರ್‌ಬಾಯಿ ಹೇಳಿದರು: “ಸುದ್ದಿ ಕೇಳಿದ್ರೇನ್ರಿ? ಆ ಸೂಜಿ ಡಾಕ್ಟರ್ ಕಡೆ ಈಗ ಯಾರೂ ಹೋಗಲ್ಲಂತ. ತಿಂಗಳ ಕೊನಿಗೆ ಬಾಗಲಾ ಹಾಕಿ ಹೈದರಾಬಾದಿಗೆ ಅಣ್ಣನ ಕಡೆ ಹೊಂಟಾಳಂತ. ಛಲೋ ಆತು ಬಿಡ್ರಿ, ಇನ್ನೊಬ್ಬರ ಜೀವಕ್ಕ ಕುತ್ತು ತಪ್ಪಿತು.”

ಎದ್ದು ನಿಂತೆ. ಯಾಕೆ ನಿಂತೆನೋ ಗೊತ್ತಿಲ್ಲ, ರೈಲಿನಲ್ಲಿ ಭಾಷಣ ಮಾಡುವ ಅಭ್ಯಾಸ ನನಗಿಲ್ಲ. “ಆಕಿ ತಪ್ಪಿಲ್ರಿ. ಅವತ್ತ ಏಕಾದಶಿ ಇತ್ತು. ಹಿಂದಿನ ದಿನದಿಂದ ನನ್ನ ಹೊಟ್ಟ್ಯಾಗ ಒಂದ್ ಗುಟುಕು ನೀರಿರಲಿಲ್ಲ. ಉಂಡೀನಿ ಅಂತ ನಾನೇ ಸುಳ್ಳ ಹೇಳೀನಿ. ಖುರ್ಚಿ ಮ್ಯಾಲ ಹಾಕು ಅಂತ ನಾನೇ ಹಟ ಮಾಡೀನಿ.” ಟೀಚರ್‌ಬಾಯಿ ನಿಧಾನಕ್ಕೆ ಕೇಳಿದರು: “ಉಪವಾಸ ಅದೀನಿ ಅನ್ನಲಿಕ್ಕೆ ಏನಾಗಿತ್ತ್ರಿ ನಿಮಗ?” ಆ ಮಾತಿಗೂ ಉತ್ತರ ಹೇಳಿದೆ. ಮನೆಯಲ್ಲಿ ಕಲಿತದ್ದು, ಯಾಕೆ ಕಲಿತದ್ದು, ಎಲ್ಲ. ಎದುರು ಸೀಟಿನಲ್ಲಿ ಬುರ್ಖಾ ಹಾಕಿದ ನರ್ಸ್ ಒಬ್ಬರು ಕೂತಿದ್ದರು, ಎಷ್ಟೋ ವರ್ಷದಿಂದ ಜೊತೆಗೆ ಬರುವವರು. ಅವರು ತಲೆ ತಗ್ಗಿಸಿ ಬಳೆ ತಿರುಗಿಸುತ್ತಿದ್ದರು. ಅವರಿಗೂ ನಾನು ಎಷ್ಟು ಸಲ ಉಂಡೀನಿ ಅಂದಿದ್ದೆನೋ. ಚಿತ್ತಾಪುರ ಬಂತು, ಇಳಿದೆ.

ರೈಲಿನಲ್ಲಿ ಆಡಿದ್ದು ರಾತ್ರಿಯೊಳಗೆ ಸೇಡಂಗೆ ಬರುತ್ತದೆ. ಅದಕ್ಕೆ ಮೊದಲು, ಸಂಜೆ ಮನೆಗೆ ಬಂದ ಕೂಡಲೇ, ನಾನೇ ಅತ್ತೆಗೆ ಹೇಳಿದೆ. ಅವರು ಹೂಬತ್ತಿ ಹೊಸೆಯುತ್ತಿದ್ದರು, ಕೈ ನಿಲ್ಲಿಸಲಿಲ್ಲ. ಎಷ್ಟು ಚಮಚ ಎಂದು ಕೇಳಿದರು. ಐದು ಎಂದೆ. “ಬರೂ ಏಕಾದಶಿ ನೆಟ್ಟಗ ಮಾಡು” ಎಂದರು. ನಾನು ಎದ್ದೆ. ಬಾಗಿಲ ತನಕ ಹೋದಾಗ ಮತ್ತೆ ಅವರ ದನಿ ಬಂತು: “ಆ ಹುಡುಗಿಗಿ ಹೋಗಿ ಹೇಳಿ ಬಂದೀಯೇನು? ನನ್ನ ಮುಂದ ಹೇಳಿ ಏನುಪಯೋಗ?”

ಭಾನುವಾರ ಹೊಟ್ಟೆ ತುಂಬ ಉಂಡು ಹೋದೆ. ದಿವಾಣಖಾನೆಯಲ್ಲಿ ಯಾರೂ ಇರಲಿಲ್ಲ. ಮೂಲೆಯಲ್ಲಿ ಪುಸ್ತಕಗಳನ್ನು ಹಗ್ಗ ಹಾಕಿ ಕಟ್ಟಿಟ್ಟಿದ್ದಳು. ನನ್ನನ್ನು ಕಂಡ ಕೂಡಲೇ ಓಡಿ ಬಂದಳು. “ಅಕ್ಕಾರೆ, ಆರಾಮ ಅದೀರೇನ್ರಿ? ಮತ್ತ ತಲಿ ತಿರುಗಿತ್ತೇನ್ರಿ? ಫೋನ್ ಮಾಡಬೇಕಂತಿದ್ದೆ, ಧೈರ್ಯ ಆಗಲಿಲ್ಲ” ಎಂದು ನನ್ನ ಕೈ ಹಿಡಿದುಕೊಂಡಳು. ಅಷ್ಟಾದ ಮೇಲೂ ಕ್ಷಮೆ ಕೇಳುವ ದನಿ ಅವಳದೇ ಆಗಿತ್ತು. ಕೂರುವ ಮೊದಲೇ ಎಲ್ಲವನ್ನೂ ಹೇಳಿಬಿಟ್ಟೆ.

ಅವಳು ನನ್ನ ಕೈ ಬಿಟ್ಟಳು. “ಎಲ್ಲಿ ತಪ್ಪಿತು ಅಂತ ಓದಿದ್ದೆಲ್ಲಾ ಮತ್ತೊಮ್ಮೆ ಓದೀನಿ. ಕನ್ನಡಿ ಮುಂದ ಕುಂತು ನನ್ನ ಹೆಗಲಿಗೇ ಸೂಜಿ ಹಾಕ್ಕೊಂಡು ನೋಡೀನಿ. ಅವತ್ತಿಂದ ಯಾರ ಹೆಗಲಿಗೂ ಸೂಜಿ ಇಟ್ಟಿಲ್ಲ, ಕೈ ನಡಗ್ತದ. ಅಣ್ಣಗ ನಾನೇ ಹೇಳೀನಿ, ಈ ಕೆಲಸ ನನ್ನಿಂದ ಆಗಂಗಿಲ್ಲ ಅಂತ. ನೀವು ಒಂದ್ ಮಾತ ಹೇಳಿದ್ರ ಸಾಕಿತ್ತು” ಎಂದಳು. ದನಿ ಏರಿಸಲಿಲ್ಲ. ಏರಿಸಿದ್ದರೆ ನನಗೆ ಹಗುರವಾಗುತ್ತಿತ್ತು.

“ತಪ್ಪಾತು, ಹೊಟ್ಟಿಗಿ ಹಾಕ್ಕೋವ್ವಾ” ಎಂದೆ. ಅಷ್ಟೇ ಬಂತು ಬಾಯಿಗೆ.

ಅವಳು ಕಣ್ಣೊರೆಸಿಕೊಂಡು ಎದ್ದು ಕೈ ತೊಳೆದು ಬಂದಳು. “ಮಲಕ್ಕೋರಿ” ಎಂದಳು. ಮಲಗಿದೆ. ಅವಳ ಬೆರಳು ಕುತ್ತಿಗೆ ಹೆಗಲಿಗೆ ಸೇರುವ ಜಾಗವನ್ನು ಒತ್ತಿ ನೋಡಿತು, ನಿಂತಿತು. ತುಂಬ ಹೊತ್ತು ನಿಂತಿತು. ಆಮೇಲೆ ಸೂಜಿ ಇಳಿಯಿತು. ಕೈ ನಡುಗಿರಲಿಲ್ಲ, ಸೂಜಿಗೆ ಅದು ಗೊತ್ತಾಗುತ್ತದೆ, ಹಾಕಿಸಿಕೊಂಡವರಿಗೂ. ಎರಡನೆಯದು, ಮೂರನೆಯದು. ಅವಳು ಒಳಗಿನ ಕಡೆ ಕೂಗಿ ಹೇಳಿದಳು: “ಅಮ್ಮೀ, ಭಾಯಿಗೆ ಫೋನ್ ಹಚ್ಚು. ನಾ ಬರಂಗಿಲ್ಲ ಅಂತ ಹೇಳು.”

ಅವಳು ಹೊರಗೆ ಹೋದ ಮೇಲೆ ನಾನು ಮುಖವಿಟ್ಟಿದ್ದ ತೂತಿನ ಕೆಳಗೆ ಅವಳ ತಾಯಿಯ ಪಾದಗಳು ಬಂದು ನಿಂತವು. ಒಡೆದ ಹಿಮ್ಮಡಿ, ಬೆಳ್ಳಿಯ ಕಾಲುಂಗುರ. ಅವರು ಬಾಗಿಲ ಆಚೆಯಿಂದ ಎಲ್ಲ ಕೇಳಿಸಿಕೊಂಡಿದ್ದರು.

“ಇಲ್ಲಿಗಿ ಬಂದವರಿಗೆಲ್ಲಾ ನಾ ಚಾ ಕೊಡ್ತೀನ್ರಿ. ನಿಮಗ ಒಂದ್ ದಿನಾನೂ ಕೇಳಿಲ್ಲ. ನಿಮ್ಮ ಮಂದಿ ಕುಡಿಯಂಗಿಲ್ಲ ಅಂತ ನಮಗ ಗೊತ್ತದ. ನಾ ಕೇಳಿದ್ರ ಇಲ್ಲ ಅನ್ನಲಿಕ್ಕೆ ನಿಮಗ ತ್ರಾಸಂತ ಸುಮ್ಮನಿದ್ದೆ” ಎಂದರು. ಮತ್ತೆ ಹೇಳಿದರು: “ಅವತ್ತ ಸಕ್ಕರಿ ನೀರ ಕುಡಸೂವಾಗೂ ನನಗ ಅಂಜಿಕಿ ಆಗಿತ್ರಿ. ಎಚ್ಚರಾದ ಮ್ಯಾಲ ಯಾಕ ಕುಡಿಸಿದಿ ಅಂತ ಬೈತೀರೇನೋ ಅಂತ.”

ನಾನು ಅತ್ತುಬಿಟ್ಟೆ. ಮುಖ ಕೆಳಗಾಗಿದ್ದರಿಂದ ನೀರೆಲ್ಲ ಮೂಗಿನ ತುದಿಯಿಂದ ನೇರ ಫರ್ಸಿಗೆ ಬೀಳುತ್ತಿತ್ತು, ಒರೆಸಿಕೊಳ್ಳಲು ಕೈ ಎತ್ತುವ ಹಾಗಿರಲಿಲ್ಲ. “ಅಮ್ಮಾ, ಒಂದ್ ಕಪ್ ಚಾ ಕೊಡ್ರಿ” ಎಂದೆ.

ಪಾದಗಳು ಕದಲಲಿಲ್ಲ.

“ಇವತ್ತ ಬ್ಯಾಡವ್ವಾ. ಇವತ್ತ ನಿನಗ ನಾಚಿಕಿ ಆಗ್ಯದ, ಅದಕ್ಕ ಕೇಳಲಿಕತ್ತಿ. ಚಾ ಕುಡೀಬೇಕಂತ ಮನಸಾದ ದಿನ ಕೇಳು, ಮಾಡಿ ಕೊಡ್ತೀನಿ” ಎಂದರು. ಸೆರಗಿನ ತುದಿಯನ್ನು ತೂತಿನ ಕೆಳಗಿಂದ ತಂದು ನನ್ನ ಮೂಗು ಒರೆಸಿ ಒಳಗೆ ಹೋದರು. ಸೂಜಿ ತೆಗೆಯಲು ಇನ್ನೂ ಹತ್ತು ನಿಮಿಷವಿತ್ತು, ನಾನು ಅಲ್ಲಾಡದೆ ಮಲಗಿದ್ದೆ.